ಲಾರಿ ಯಜಮಾನರಿಗೆ ಒಂದು ಮೈಸೂರು ಪೇಟ

ನಮ್ಮ ರಾಜ್ಯದಲ್ಲಿ ಇನ್ನೂ ಸನ್ಮಾನವಾಗದೆ ಉಳಿದವರು ಯಾರಾದರೂ ಇದ್ದರೆ ಅದು ಲಾರಿ ಯಜಮಾನರು. ನಿವೃತ್ತರಾದ ಒಂದೇ ಕಾರಣಕ್ಕೆ ಶಾಲು ಹೊದೆಸಿಕೊಂಡವರಿದ್ದಾರೆ. ಜಯಂತಿಗೆ ಚಂದಾ ಕೊಟ್ಟದ್ದಕ್ಕೆ ಪೇಟ ಸುತ್ತಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು, ಫೋಟೊಗೆ ನಿಂತವರಿದ್ದಾರೆ. ಆದರೆ ಹದಿನೆಂಟೂವರೆ ಟನ್ ಭಾರವನ್ನು ಸವೆದ ಬ್ರೇಕ್ ಲೈನಿಂಗ್ ಮತ್ತು ಒಂದು ನಿಂಬೆಹಣ್ಣಿನ ಭರವಸೆಯ ಮೇಲೆ ರಾತ್ರಿ ಹನ್ನೊಂದಕ್ಕೆ ಶಿರಾಡಿ ಘಾಟಿಗೆ ಕಳಿಸಿ, ತಾವು ಮನೆಯಲ್ಲಿ ಮಗ್ಗುಲು ಬದಲಿಸದೆ ನಿದ್ದೆ ಮಾಡಬಲ್ಲ ಮಹನೀಯರನ್ನು ಮಾತ್ರ ಯಾವ ಸಂಘವೂ ವೇದಿಕೆಗೆ ಕರೆದಿಲ್ಲ. ಸ್ಥಿತಪ್ರಜ್ಞರನ್ನು ಹುಡುಕಿಕೊಂಡು ಹಿಮಾಲಯಕ್ಕೆ ಹೋಗುವವರು ದಾರಿಯಲ್ಲಿ ಒಮ್ಮೆ ಯಾವುದಾದರೂ ಟ್ರಾನ್ಸ್‌ಪೋರ್ಟ್ ಆಫೀಸಿನೊಳಗೆ ಇಣುಕಿ ನೋಡಬೇಕು.

ಎಲ್ಲ ಯಜಮಾನರೂ ಈ ಗೌರವಕ್ಕೆ ಅರ್ಹರಲ್ಲ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಲವರು ಬೆಳಕು ಹರಿಯುವ ಮುಂಚೆ ಟಾರ್ಚು ಹಿಡಿದು ಲಾರಿಯ ಕೆಳಗೆ ಬಗ್ಗುತ್ತಾರೆ. ಏರ್ ಟ್ಯಾಂಕಿನ ಅಡಿಯಲ್ಲಿರುವ ರಿಂಗ್ ಎಳೆದು ನೀರು ಬಿಡುತ್ತಾರೆ. ಎಂಜಿನ್ ಆಯಿಲಿನ ಕಡ್ಡಿ ತೆಗೆದು ಒರೆಸಿ, ಮತ್ತೆ ಅದ್ದಿ, ಬೆಳಕಿಗೆ ಹಿಡಿದು ನೋಡುತ್ತಾರೆ. ರಾಡು ತಗೊಂಡು ಟೈರಿಗೆ ಒಂದೊಂದು ಏಟು ಹಾಕಿ ಕಿವಿಗೊಡುತ್ತಾರೆ. ಗಾಳಿ ಸರಿಯಾಗಿದ್ದರೆ ಏಟು ಪುಟಿದು ಬರುತ್ತದೆ, ಜೋಡಿ ಚಕ್ರದ ಒಳಗಿನ ಟೈರು ಪಂಕ್ಚರಾಗಿದ್ದರೆ ದಬ್ಬೆಂದು ಸತ್ತ ಸದ್ದು ಬರುತ್ತದೆ. ನಟ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದೆಯೇ ಎಂದು ಹುಡುಕುತ್ತಾರೆ, ಏಕೆಂದರೆ ಸಡಿಲವಾದ ನಟ್ಟು ಬಿದ್ದುಹೋಗುವ ಮುಂಚೆ ಹಾಗೆ ಅಳುತ್ತದಂತೆ. ಒಂದು ಚಕ್ರ ಬಿಚ್ಚಿ ಹಾಕಿದರೆ ಐವತ್ತು ನೂರು ಕಿಲೋಮೀಟರಿನಲ್ಲೇ ನಿಲ್ಲಿಸಿ ನಟ್ಟನ್ನು ಇನ್ನೊಮ್ಮೆ ಬಿಗಿ ಮಾಡಿಸುತ್ತಾರೆ. ಇಷ್ಟಕ್ಕೆಲ್ಲ ಕಾಲು ಗಂಟೆ ಹಿಡಿಯುತ್ತದೆ. ಇಂಥವರ ಬಗ್ಗೆ ಬರೆಯಲು ಲೇಖಕನಿಗೆ ಏನೂ ಸಿಗುವುದಿಲ್ಲ. ಅವರ ಲಾರಿ ಹೋಗುತ್ತದೆ, ಬರುತ್ತದೆ, ಅಷ್ಟೆ. ಒಂದು ದಿನವೂ ಪೇಪರಿನಲ್ಲಿ ಬರುವುದಿಲ್ಲ.

ನಮ್ಮ ಸನ್ಮಾನಿತರು ಬೇರೆ ಜಾತಿಯವರು. ತುಮಕೂರು ಕಡೆಯ ಯಜಮಾನರೊಬ್ಬರಿಗೂ ಅವರ ಡ್ರೈವರಿಗೂ ನಡೆಯುವ ಫೋನ್ ಸಂಭಾಷಣೆಯನ್ನು ಕೇಳಿ. ಹೆಸರು ಹೇಳಬೇಕಾಗಿಲ್ಲ, ಇದು ಯಾರದೂ ಆಗಬಹುದು.

"ಅಣ್ಣಾ, ಬ್ರೇಕು ಸರಿಯಾಗಿ ಹಿಡೀತಿಲ್ಲ ಕಣಣ್ಣ. ಜಾಸ್ತಿ ತುಳೀಬೇಕಾಗೈತೆ."

"ತುಳಿಯೋಕೇ ತಾನೇ ನಿಂಗೆ ಸಂಬಳ ಕೊಡೋದು?"

"ಗಾಳಿ ಬೇಗ ಇಳೀತೈತೆ. ಟ್ಯಾಂಕಲ್ಲಿ ನೀರು ನಿಂತಿರ್ಬೇಕು."

"ದಿನಾ ಬೆಳಿಗ್ಗೆ ಹಿಂಡೋಕೆ ಅದೇನು ಎಮ್ಮೇನಾ? ಹೋಗು, ನಿಧಾನಕ್ಕೆ ಹೋಗು. ಆದ್ರೆ ಬೆಳಿಗ್ಗೆ ಆರು ಗಂಟೆಗೆ ಮಂಗಳೂರಲ್ಲಿ ಅನ್‌ಲೋಡ್ ಆಗ್ಬೇಕು."

ಕೊನೆಯ ಎರಡು ವಾಕ್ಯಗಳನ್ನು ಇನ್ನೊಮ್ಮೆ ಓದಬೇಕು. ನಿಧಾನವಾಗಿಯೂ ಹೋಗಬೇಕು, ಆರು ಗಂಟೆಗೂ ತಲುಪಬೇಕು. ದ್ವೈತ, ಅದ್ವೈತಗಳು ಶತಮಾನಗಳಿಂದ ಜಗಳವಾಡಿದರೂ ಸಾಧಿಸಲಾಗದ ಸಮನ್ವಯವನ್ನು ಯಜಮಾನರು ಒಂದು ಫೋನ್ ಕರೆಯಲ್ಲಿ, ಅದೂ ಮಿಸ್ಡ್ ಕಾಲಿಗೆ ವಾಪಸು ಮಾಡಿದ ಕರೆಯಲ್ಲಿ, ಸಾಧಿಸಿದ್ದಾರೆ.

ಘಾಟಿಯ ವಿಷಯದಲ್ಲಿ ಎಂಜಿನಿಯರುಗಳು ಜನರನ್ನು ಸುಮ್ಮನೆ ಹೆದರಿಸುತ್ತಾರೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ದೋಣಿಗಾಲ್, ಮಾರನಹಳ್ಳಿ ದಾಟಿ ಗುಂಡ್ಯದ ಕಡೆಗೆ ರಸ್ತೆ ಇಳಿಯುತ್ತಲೇ ಹೋಗುತ್ತದೆ. ಹದಿನೆಂಟೂವರೆ ಟನ್ ತೂಗುವ ಲಾರಿ ಬರೀ 500 ಮೀಟರ್ ಕೆಳಗಿಳಿದರೂ ಬಿಡುಗಡೆಯಾಗುವ ಶಕ್ತಿ ಸುಮಾರು 280 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟಿದೆ ಎಂದು ಲೆಕ್ಕ ಹಾಕಿ ತೋರಿಸುತ್ತಾರೆ. ಈ ಬಿಸಿಯ ಒಂದು ಪಾಲನ್ನು ಎಂಜಿನ್ ಹೊತ್ತುಕೊಳ್ಳಲಿ, ಅದಕ್ಕೆ ಹತ್ತುವಾಗ ಹಾಕುವ ಗೇರಿನಲ್ಲೇ ಇಳಿಯಬೇಕು, ಎಕ್ಸಾಸ್ಟ್ ಬ್ರೇಕ್ ಇದ್ದರೆ ಬಳಸಬೇಕು, ಇಲ್ಲದಿದ್ದರೆ ಬಿಸಿಯೆಲ್ಲ ಡ್ರಮ್ಮು, ಲೈನಿಂಗುಗಳ ತಲೆಗೆ ಬರುತ್ತದೆ, ಲೈನಿಂಗ್ ಕಾದಷ್ಟೂ ಹಿಡಿತ ಕಳೆದುಕೊಳ್ಳುತ್ತದೆ ಎನ್ನುತ್ತಾರೆ. ಪುಸ್ತಕದ ಮಾತು. ಯಜಮಾನರ ಶಾಸ್ತ್ರದಲ್ಲಿ ಇಳಿಜಾರು ಎಂದರೆ ದೇವರು ಕೊಟ್ಟ ಡೀಸೆಲ್. ನ್ಯೂಟ್ರಲ್ ಮಾಡು, ಬಿಟ್ಟುಬಿಡು. ಈಗಿನ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಡೀಸೆಲ್ಲನ್ನೇ ಎಳೆಯುವುದಿಲ್ಲ, ನ್ಯೂಟ್ರಲ್ಲಿನಲ್ಲಿ ಬಿಟ್ಟರೆ ಸುಮ್ಮನೆ ತಿರುಗುವುದಕ್ಕಾದರೂ ಒಂದಿಷ್ಟು ಕುಡಿಯುತ್ತವೆ ಎಂದು ಕಂಪನಿಯ ಹುಡುಗ ಬಂದು ವಿವರಿಸಿದರೂ ಯಜಮಾನರು ನಂಬಿಕೆ ಬದಲಿಸಲಿಲ್ಲ. ಉಳಿತಾಯವೆನ್ನುವುದು ಅವರಿಗೆ ಲೆಕ್ಕದ ವಿಷಯವಲ್ಲ, ಶ್ರದ್ಧೆಯ ವಿಷಯ.

ಏರ್ ಬ್ರೇಕಿನ ಒತ್ತಡ ಇಳಿದರೆ ಕ್ಯಾಬಿನ್ನಿನಲ್ಲಿ ಕೆಂಪು ದೀಪ ಹತ್ತಿ ಬಜರ್ ಕೂಗುತ್ತದೆ. ಈ ಕೂಗು ಡ್ರೈವರನ ಏಕಾಗ್ರತೆಗೆ ಭಂಗ ತರುತ್ತದೆಂದು ಕೆಲವರು ಬಜರಿನ ವೈರನ್ನೇ ಕತ್ತರಿಸಿ ಹಾಕಿಸಿದ್ದಾರೆ. ಈಗ ಘಾಟಿ ಎಷ್ಟು ಪ್ರಶಾಂತ! ಹಾಡು ಸ್ಪಷ್ಟವಾಗಿ ಕೇಳುತ್ತದೆ.

ಲಾರಿಯನ್ನು ಯಜಮಾನರು ನೋಡುವುದೇ ಇಲ್ಲ ಎಂದು ಹೇಳುವವರ ನಾಲಿಗೆಗೆ ಹುಳ ಬೀಳಲಿ. ನೋಡುತ್ತಾರೆ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ. ಅಂದು ಲಾರಿಗೆ ನಡೆಯುವ ಉಪಚಾರ ಮದುಮಗನಿಗೂ ನಡೆಯುವುದಿಲ್ಲ. ಗ್ಯಾರೇಜಿನ ಮುಂದೆ ಸಾಲುಗಟ್ಟಿ ತೊಳೆಸುತ್ತಾರೆ. ಬಂಪರಿನ ಎರಡು ಬದಿಗೆ ಬಾಳೆಕಂದು ಕಟ್ಟುತ್ತಾರೆ, ಒಂದು ಬದಿಗೆ ಕಟ್ಟಿದ್ದು ಹೆಡ್‌ಲೈಟಿಗೆ ಅಡ್ಡ, ಇನ್ನೊಂದು ಬದಿಗೆ ಕಟ್ಟಿದ್ದು ಇಂಡಿಕೇಟರಿಗೆ ಅಡ್ಡ. ಗಾಜಿನ ಮೇಲಿಂದ ಸೇವಂತಿಗೆಯ ಹಾರ ಇಳಿಯುತ್ತದೆ. ಅದು ಎಷ್ಟು ದಪ್ಪ ಎಂದರೆ ಒಳಗೆ ಕೂತವನಿಗೆ ರಸ್ತೆ ಹೂವಿನ ಸಂದುಗಳಲ್ಲಿ ಕಂಡಷ್ಟೇ. ಕನ್ನಡಿಗೂ ಒಂದು ಹಾರ, ಹಿಂದೆ ಬರುವವರನ್ನು ನೋಡಿ ನಮಗೇನಾಗಬೇಕು? ಬೂದುಗುಂಬಳಕ್ಕೆ ಕುಂಕುಮ ತುಂಬಿ ನಿವಾಳಿಸಿ ನಡುರಸ್ತೆಯಲ್ಲಿ ಒಡೆಯುತ್ತಾರೆ. ಆ ಚೂರುಗಳ ಮೇಲೆ ಜಾರಿ ಬೀಳುವ ಬೈಕಿನವನು ಪೂಜೆಗೆ ಬಂದವನಲ್ಲ, ಆದ್ದರಿಂದ ಅವನ ಚಿಂತೆ ಬೇಡ. ಕೊನೆಗೆ ಚಕ್ರಗಳ ಕೆಳಗೆ ನಿಂಬೆಹಣ್ಣು.

ನಾನು ಬಹಳ ಮೆಚ್ಚುವುದು ಈ ನಿಂಬೆಹಣ್ಣಿನ ಕ್ಷಣವನ್ನು. ಯಜಮಾನರು ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಅವರ ಕಣ್ಣಿಗೂ ಟೈರಿಗೂ ಒಂದು ಗೇಣು ಅಂತರ. ಟೈರಿನ ಮೇಲಿನ ಗೆರೆಗಳ ಆಳ ಕಡೇಪಕ್ಷ 1.6 ಮಿಲಿಮೀಟರ್ ಇರಬೇಕೆಂದು ಮೋಟಾರು ವಾಹನ ನಿಯಮ ಹೇಳುತ್ತದೆ. ಅಳೆಯಲು ಉಪಕರಣವೂ ಬೇಡ, ಗೆರೆಗಳ ನಡುವೆ ಕಂಪನಿಯವರೇ ಸಣ್ಣ ಉಬ್ಬುಗಳನ್ನು ಇಟ್ಟಿರುತ್ತಾರೆ, ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಅದರ ಆಯಸ್ಸು ಮುಗಿಯಿತು ಎಂದರ್ಥ. ಇಷ್ಟು ಹತ್ತಿರದಲ್ಲಿ, ಇಷ್ಟು ಭಕ್ತಿಯಲ್ಲಿ ಕೂತು, ಇಷ್ಟು ಸ್ಪಷ್ಟವಾಗಿ ಕಾಣುವ ಬೋಳನ್ನು ನೋಡದೆ ನಿಂಬೆಹಣ್ಣನ್ನಷ್ಟೇ ಇಟ್ಟು ಎದ್ದುಬರುವುದಿದೆಯಲ್ಲ, ಅದಕ್ಕೆ ಇಂದ್ರಿಯನಿಗ್ರಹ ಬೇಕು.

ಟೈರನ್ನು ಅವರು ನಿರ್ಲಕ್ಷಿಸುತ್ತಾರೆ ಎನ್ನಲೂ ಬರುವುದಿಲ್ಲ. ಒಮ್ಮೆ ರೀಸೋಲ್ ಮಾಡಿಸುತ್ತಾರೆ, ಅದು ಸವೆದರೆ ಇನ್ನೊಮ್ಮೆ. ಅದೂ ಬೋಳಾದರೆ ರಸ್ತೆ ಬದಿಯಲ್ಲಿ ಬಿಸಿ ಬ್ಲೇಡ್ ಹಿಡಿದು ಕೂತ ಕಲಾವಿದರಿದ್ದಾರೆ, ಉಳಿದಿರುವ ತೆಳು ರಬ್ಬರಿನಲ್ಲೇ ಹೊಸ ಗೆರೆ ಕೊರೆದುಕೊಡುತ್ತಾರೆ. ದೂರದಿಂದ ನೋಡಿದರೆ ಹೊಸ ಟೈರು. ಹತ್ತಿರದಿಂದ ನೋಡಿದರೆ ಗೆರೆಯ ತಳದಲ್ಲಿ ತಂತಿ ಕಾಣುತ್ತದೆ. ಹತ್ತಿರದಿಂದ ನೋಡಿ ಎಂದು ಯಾರು ಹೇಳಿದರು? ರೀಸೋಲ್ ಟೈರನ್ನು ಮುಂದಿನ ಚಕ್ರಕ್ಕೆ ಹಾಕಬೇಡಿ, ಸ್ಟೀರಿಂಗ್ ಅದರ ಮೇಲೇ ನಿಂತಿದೆ ಎಂದು ಟೈರ್ ಅಂಗಡಿಯವನೇ ಹೇಳುವುದುಂಟು. ತನ್ನ ವ್ಯಾಪಾರಕ್ಕೇ ಅಡ್ಡ ಬರುವ ಇಂಥವರ ಮಾತನ್ನು ಎಷ್ಟೆಂದು ನಂಬುವುದು.

ಸರ್ಕಾರಕ್ಕೆ ಮಾತ್ರ ಈ ಶ್ರದ್ಧೆ ಸಾಲದು. ಅದಕ್ಕೆ ಎಫ್‌ಸಿ ಬೇಕು. ಲಾರಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಬೇಕು. ಯಜಮಾನರು ಕಾನೂನಿಗೆ ತಲೆಬಾಗುವವರೇ, ಎಫ್‌ಸಿ ದಿನ ಲಾರಿಯ ಕಳೆ ನೋಡಬೇಕು. ಹೊಸ ಟೈರುಗಳು ಬಂದು ಕೂರುತ್ತವೆ, ಅವು ನೆಂಟರು, ಸಂಜೆಗೆ ಹೊರಡುವವರು. ಹಿಂದಿನ ದೀಪಗಳಿಗೆ ಗಾಜು ಬರುತ್ತದೆ. ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ಎಂದು ನಿಯಮದಲ್ಲಿರುವ ಪ್ರತಿಫಲಿಸುವ ಪಟ್ಟಿಗಳು ಅಂಟಿನ ವಾಸನೆ ಆರದೆ ಹೊಳೆಯುತ್ತವೆ. ಪ್ರಥಮ ಚಿಕಿತ್ಸೆಯ ಡಬ್ಬಿ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಪಕ್ಕದ ಲಾರಿಯಿಂದ ಇಳಿದು ಈ ಲಾರಿಗೆ ಹತ್ತುತ್ತವೆ, ಮಧ್ಯಾಹ್ನ ಮೂರನೆಯ ಲಾರಿಗೆ. ಒಂದೇ ಸಿಲಿಂಡರ್ ಅಷ್ಟೂ ಲಾರಿಗಳನ್ನು ಬೆಂಕಿಯಿಂದ ಕಾಪಾಡಿದ್ದು ಬೇರೆ ಯಾವ ದೇಶದಲ್ಲೂ ಇರಲಾರದು. ಈಗೀಗ ಮನುಷ್ಯರ ಬದಲು ಯಂತ್ರಗಳೇ ಪರೀಕ್ಷೆ ಮಾಡುವ ಕೇಂದ್ರಗಳು ಬರುತ್ತಿವೆ. ರೋಲರಿನ ಮೇಲೆ ಚಕ್ರ ನಿಲ್ಲಿಸಿ ಪ್ರತಿಯೊಂದು ಚಕ್ರದ ಬ್ರೇಕ್ ಎಷ್ಟು ಹಿಡಿಯುತ್ತದೆ ಎಂದು ಅಂಕಿ ತೋರಿಸುತ್ತವಂತೆ. ಯಂತ್ರಕ್ಕೆ ಕಾಫಿ ಕುಡಿಸಲು ಬರುವುದಿಲ್ಲ ಎಂಬುದು ಯಜಮಾನರ ದೊಡ್ಡ ಬೇಸರ. ಮಾನವೀಯತೆ ಕಡಿಮೆಯಾಗುತ್ತಿದೆ ಎಂದು ಅವರು ನಿಟ್ಟುಸಿರಿಡುತ್ತಾರೆ.

ಭಾರದ ವಿಷಯಕ್ಕೆ ಬಂದರೆ ಅವರು ಕಾನೂನಿಗಿಂತ ಮುಂದೆ ನಡೆದವರು. ಎರಡು ಆಕ್ಸೆಲ್ಲಿನ ಆರು ಚಕ್ರದ ಲಾರಿಯ ಒಟ್ಟು ತೂಕ, ಲಾರಿಯ ಸ್ವಂತ ತೂಕವೂ ಸೇರಿ, 16.2 ಟನ್ ಮೀರಬಾರದು ಎಂದಿದ್ದ ಕಾಲದಲ್ಲೇ ಅವರು ಇಪ್ಪತ್ತು ದಾಟಿಸಿದ್ದರು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಿತಿಯನ್ನು 18.5 ಟನ್‌ಗೆ ಏರಿಸಿತು. ಏದುಸಿರು ಬಿಡುತ್ತಾ ಕಾನೂನು ಅವರ ಹಿಂದೆ ಓಡಿಬಂತು ಎನ್ನಬೇಕು. ಅಷ್ಟರಲ್ಲಿ ಯಜಮಾನರು ಇನ್ನೂ ಮುಂದೆ ಹೋಗಿದ್ದರು. ಬಳ್ಳಾರಿಯ ಅದಿರಿನ ದಿನಗಳಲ್ಲಿ ಈ ಸಾಧನೆ ಎಷ್ಟು ಎತ್ತರಕ್ಕೆ ಮುಟ್ಟಿತ್ತೆಂದರೆ, 2011ರಲ್ಲಿ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ವರದಿಯಲ್ಲಿ ಲಾರಿಗಳ ಓವರ್‌ಲೋಡಿಗೂ ಜಾಗ ಸಿಕ್ಕಿತು. 2019ರ ತಿದ್ದುಪಡಿಯಾದ ಮೇಲೆ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ಎಂದು ಮಾಡಿದ್ದಾರೆ. ಯಜಮಾನರು ಇದನ್ನು ದಂಡವೆಂದು ಭಾವಿಸಿ ನೊಂದುಕೊಳ್ಳಲಿಲ್ಲ. ಬಾಡಿಗೆ ಪುಸ್ತಕದಲ್ಲಿ ಟೋಲಿನ ಕೆಳಗೆ ಇನ್ನೊಂದು ಕಾಲಂ ಎಳೆದರು. ಹೆಚ್ಚಿದ ಭಾರಕ್ಕೆ ಸ್ಪ್ರಿಂಗ್ ಪ್ಲೇಟ್ ಕಟ್ಟಾದರೆ? ಮೇಲೊಂದು ಪ್ಲೇಟ್ ಸೇರಿಸಿದರಾಯಿತು. ಬ್ರೇಕಿಗೂ ಮೇಲೊಂದು ಏನಾದರೂ ಸೇರಿಸಬೇಕಲ್ಲವೇ ಎಂದು ಕೇಳಬೇಡಿ. ಅದಕ್ಕೆ ಕಪ್ಪು ದಾರ ಕಟ್ಟಿದೆ.

ಡ್ರೈವರನ ನಿದ್ದೆ ಕೂಡ ಲಾರಿಯ ಒಂದು ಬಿಡಿಭಾಗವೇ ಎಂದು ಭಾವಿಸುವ ಅತಿಬುದ್ಧಿವಂತರಿದ್ದಾರೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು ಬರೆದಿತ್ತು. ಬರೆದವರು ಹಗಲು ಬರೆದಿರಬೇಕು. ಯಜಮಾನರ ಲಾರಿಯಲ್ಲಿ ಮೊದಲು ಕ್ಲೀನರ್ ಹುಡುಗನೊಬ್ಬನಿದ್ದ. ಡ್ರೈವರ್ ತೂಕಡಿಸಿದರೆ ಮಾತಾಡಿಸುತ್ತಿದ್ದ, ರಿವರ್ಸ್ ತೆಗೆಯುವಾಗ ಇಳಿದು ಬಾಡಿಗೆ ಬಡಿಯುತ್ತಾ "ಬರ್ಲಿ, ಬರ್ಲಿ" ಎನ್ನುತ್ತಿದ್ದ, ನಿಂತಲ್ಲೆಲ್ಲ ಟೈರು ತಟ್ಟುತ್ತಿದ್ದ. ಅವನ ಬತ್ತ ಉಳಿಸಲು ಅವನನ್ನು ಬಿಡಿಸಿದರು. ಈಗ ಡ್ರೈವರನೊಬ್ಬನೇ. ಅವನು ಮಾತಾಡಬೇಕೆಂದರೆ ಫೋನಿದೆ, ಅತ್ತ ಕಡೆ ಯಜಮಾನರೇ ಇದ್ದಾರೆ: "ಎಲ್ಲಿದೀಯ?"

ಕೆಟ್ಟು ನಿಂತಾಗ ತೋರುವ ಸ್ವದೇಶಿ ಮನೋಭಾವವನ್ನೂ ಇಲ್ಲಿ ನೆನೆಯಬೇಕು. ಕೆಂಪು ತ್ರಿಕೋನದ ಫಲಕವೊಂದನ್ನು ಲಾರಿಯ ಹಿಂದೆ ಸಾಕಷ್ಟು ದೂರದಲ್ಲಿ ಇಡಬೇಕು, ನಾಲ್ಕೂ ಇಂಡಿಕೇಟರ್ ಮಿನುಗಿಸಬೇಕು ಎನ್ನುತ್ತಾರೆ. ನಮ್ಮಲ್ಲಿ ಹೊಂಗೆಯ ಕೊಂಬೆ ಇಲ್ಲವೇ? ಮುರಿದು ಹಿಂದೆ ಎರಡು ಮಾರು ದೂರದಲ್ಲಿ ಇಟ್ಟರೆ ಆಯಿತು. ರಾತ್ರಿ ಅದು ಕಾಣುವುದಿಲ್ಲ, ನಿಜ. ಆದರೆ ಕಂಡವರು ಅದರ ಅರ್ಥವನ್ನು ತಕ್ಷಣ ತಿಳಿಯುತ್ತಾರೆ. ಚಕ್ರಕ್ಕೆ ಕೊಟ್ಟ ಕಲ್ಲುಗಳನ್ನು ರಿಪೇರಿ ಮುಗಿದ ಮೇಲೆ ಅಲ್ಲೇ ಬಿಟ್ಟು ಹೊರಡುವುದು ಕೂಡ ಪರೋಪಕಾರವೇ, ಮುಂದೆ ಅಲ್ಲಿ ಕೆಟ್ಟು ನಿಲ್ಲುವವನಿಗೆ ಬೇಕಾಗುತ್ತವೆ. ಹೆಚ್ಚಾಗಿ ಅವನು ಕೆಟ್ಟು ನಿಲ್ಲುವುದು ಆ ಕಲ್ಲುಗಳಿಂದಲೇ.

ಇನ್ನು ವಿಪರೀತ ಏನಾದರೂ ನಡೆದುಹೋದರೆ? ಇಲ್ಲಿಯೇ ಯಜಮಾನರ ವಿನಯ ಎದ್ದು ಕಾಣುವುದು. ಅವರು ಎಲ್ಲಿಯೂ ಮುಂದೆ ಬರುವುದಿಲ್ಲ. ಮರುದಿನದ ಪತ್ರಿಕೆ ತೆಗೆದು ನೋಡಿ: "ಚಾಲಕನ ನಿಯಂತ್ರಣ ತಪ್ಪಿದ ಲಾರಿ." ನಿಯಂತ್ರಣ ಚಾಲಕನದು, ತಪ್ಪಿದ್ದೂ ಚಾಲಕನದು. ಲೈನಿಂಗ್ ಸವೆದು ರಿವೆಟ್ಟುಗಳು ಡ್ರಮ್ಮನ್ನು ಕೆರೆಯುತ್ತಿದ್ದ ಸಂಗತಿಗೆ ವರದಿಯಲ್ಲಿ ಜಾಗವಿರುವುದಿಲ್ಲ, ಇದ್ದರೂ "ಬ್ರೇಕ್ ಫೇಲ್" ಎಂಬ ಎರಡು ಪದಗಳಲ್ಲಿ ಮುಗಿಯುತ್ತದೆ. ಬ್ರೇಕು ಎಸ್ಸೆಸ್ಸೆಲ್ಸಿ ಹುಡುಗನ ಹಾಗೆ ತನ್ನಷ್ಟಕ್ಕೆ ತಾನೇ ಫೇಲಾಗುತ್ತದೆ, ಮೂರು ತಿಂಗಳಿಂದ ಅದನ್ನು ಯಾರೂ ಓದಿಸದೆ ಬಿಟ್ಟಿರಲಿಲ್ಲ ಎಂಬ ಭಾವ ಅದರಲ್ಲಿದೆ. ಠಾಣೆಯಲ್ಲೂ ಹಾಗೆಯೇ. ಮೊದಲು ಐಪಿಸಿಯ 279 ಮತ್ತು 304ಎ ಹಾಕುತ್ತಿದ್ದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106 ಬಂದಿವೆ. ಸೆಕ್ಷನ್ನುಗಳು ಬದಲಾದವು, ಆರೋಪಿಯ ಜಾಗದಲ್ಲಿ ಮೊದಲು ಬರೆಯುವ ಹೆಸರು ಡ್ರೈವರನದೇ. ಫೋನಿನಲ್ಲಿ "ಬ್ರೇಕು ಹಿಡೀತಿಲ್ಲ ಕಣಣ್ಣ" ಎಂದಿದ್ದಕ್ಕೆ ಸಾಕ್ಷಿ ಎಲ್ಲಿದೆ? ಯಜಮಾನರು ಆಸ್ಪತ್ರೆಗೆ ಹೋಗಿ ಮುಖ ತೋರಿಸಿ, ಎರಡು ಸಾವಿರ ಕೈಗಿಟ್ಟು, ಆ ಎರಡು ಸಾವಿರವನ್ನು ಪುಸ್ತಕದಲ್ಲಿ ಅಡ್ವಾನ್ಸ್ ಎಂದು ಬರೆದುಕೊಂಡು ಬರುತ್ತಾರೆ. ಇನ್ಶೂರೆನ್ಸಿನವರು ಬಂದು ಎಫ್‌ಸಿ ತೀರಿತ್ತೇ, ತೂಕ ಎಷ್ಟಿತ್ತು ಎಂದು ಕೇಳುವಾಗ ಮಾತ್ರ ಅವರ ಮುಖದಲ್ಲಿ ಮೊದಲ ಬಾರಿಗೆ ನಿಜವಾದ ನೋವು ಕಾಣುತ್ತದೆ.

ಇಷ್ಟೆಲ್ಲ ಓದಿ ಯಜಮಾನರಿಗೆ ವಾಹನದ ಆರೈಕೆ ಗೊತ್ತಿಲ್ಲ ಎಂದು ಯಾರಾದರೂ ಅಂದುಕೊಂಡರೆ ಅದು ಅವರಿಗೆ ಮಾಡುವ ಅಪಚಾರ. ಅವರ ಸ್ವಂತ ಕಾರನ್ನು ನೋಡಬೇಕು. ಹತ್ತು ಸಾವಿರ ಕಿಲೋಮೀಟರ್ ಆಗುವ ಮುಂಚೆಯೇ ಸರ್ವಿಸಿಗೆ ಹೋಗುತ್ತದೆ. ಬ್ರೇಕ್ ಪ್ಯಾಡ್ ಇನ್ನೂ ಅರ್ಧ ಉಳಿದಿದ್ದರೂ ಬದಲಿಸುತ್ತಾರೆ, "ಮಕ್ಕಳು ಮರಿ ಕೂರೋ ಗಾಡಿ" ಎಂದು ಮೆಕ್ಯಾನಿಕ್‌ಗೆ ತಾವೇ ಹೇಳುತ್ತಾರೆ. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ, ಚಕ್ರ ತಣ್ಣಗಿರುವಾಗಲೇ ನೋಡಿಸುತ್ತಾರೆ, ಸ್ಟೆಪ್ನಿಯನ್ನೂ ಬಿಡುವುದಿಲ್ಲ. ಡಿಕ್ಕಿಯಲ್ಲಿ ಕೆಂಪು ತ್ರಿಕೋನವಿದೆ, ಕವರ್ ಬಿಚ್ಚದ ಪ್ರಥಮ ಚಿಕಿತ್ಸೆಯ ಡಬ್ಬಿಯಿದೆ. ಹಾರವನ್ನು ಕನ್ನಡಿಗೆ ಹಾಕಲು ಬಿಡುವುದಿಲ್ಲ.

ವರ್ಷಕ್ಕೊಮ್ಮೆ ಇದೇ ಕಾರಿನಲ್ಲಿ ಸಂಸಾರಸಮೇತ ಧರ್ಮಸ್ಥಳಕ್ಕೆ ಹೊರಡುತ್ತಾರೆ. ಶಿರಾಡಿಯಲ್ಲಿ ಮುಂದೊಂದು ಲೋಡು ಲಾರಿ ಸಿಕ್ಕಿದರೆ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, ಸ್ಟೀರಿಂಗ್ ಹಿಡಿದ ಅಳಿಯನಿಗೆ ಹೇಳುತ್ತಾರೆ: "ದೂರ ಇರಪ್ಪ, ಹತ್ರ ಹೋಗ್ಬೇಡ. ಈ ಲಾರಿ ಓನರ್‌ಗಳನ್ನ ನಂಬೋಕಾಗಲ್ಲ."